ಮೊಳಕೆವ್ವನ ದಿನ್ನೆ

ತೊಂಡಿಗೇರಿಯ ಕೆರೆಯ ಏರಿ ಮುಗಿಯುವಲ್ಲಿ ಒಂದು ದಿನ್ನೆ ಇದೆ. ಮೊಳಕೆವ್ವನ ದಿನ್ನೆ ಎನ್ನುತ್ತಾರೆ. ಗುಡಿಯಿಲ್ಲ, ಮೂರ್ತಿಯಿಲ್ಲ. ಒಂದು ಹಾಸುಗಲ್ಲು, ಸುತ್ತ ನಾಲ್ಕು ಜೋಳದ ಪೈರು. ಬಿತ್ತಿದವರಿಲ್ಲ. ದೇವರೆಲ್ಲಿ ಎಂದು ಹೊಸಬರು ಕೇಳುತ್ತಾರೆ. ಹೋದಳು ಎನ್ನುತ್ತಾರೆ ಊರವರು.

ಹಿಂದೆ ಒಮ್ಮೆ ಇಲ್ಲಿ ಚನ್ನಮಲ್ಲನೆಂಬ ಕುಂಬಾರನಿದ್ದನಂತೆ. ಹೆಂಡತಿ ಸಾತವ್ವ. ಆಷಾಢದ ಮಂಗಳವಾರ ಬಂತೆಂದರೆ ಅವಳು ಗಂಡನ ಮಣ್ಣನ್ನೇ ಒಂದು ಮುದ್ದೆ ತಂದು, ಒಲೆಯ ಮುಂದೆ ಕೂತು ಗುಳ್ಳವ್ವ ದೇವಿಯ ಗೊಂಬೆ ಮಾಡುವಳು. ಗುಲಗಂಜಿಯ ಕಣ್ಣು, ಜೋಳದ ಕಾಳಿನ ಓಲೆ. ಕೊನೆಗೆ ಓಣಿಯ ಹೆಣ್ಣುಮಕ್ಕಳು, ಮಗಳನ್ನು ಗಂಡನ ಮನೆಗೆ ಕಳಿಸುವಂತೆ, ಹಾಡುತ್ತ ಒಯ್ದು ಕೆರೆಗೆ ಬಿಡುವರು. "ಇಕಿನೂ ಸುಡಾಕ ಆವಿಗಿಗೆ ಹಾಕ್ಲೇನ? ಗಟ್ಟಿ ಉಳಿತಾಳ," ಎಂದು ಗಂಡ ಕೆಣಕಿದರೆ, "ಉಳಿಯೂದು ನಿನ್ನ ಗಡಿಗಿ. ಇಕಿ ಹೋಗಾಕಂತನ ಬಂದಾಕಿ," ಎನ್ನುವಳು.

ಒಂದು ವರ್ಷ ಗುಳ್ಳವ್ವನನ್ನು ಮಾಡಿಟ್ಟು, ಕಳಿಸುವ ಮೊದಲೇ ಸಾತವ್ವ ಜ್ವರ ಬಂದು ತೀರಿಕೊಂಡಳು. ಗೊಂಬೆಯ ಕೆನ್ನೆಯ ಮೇಲೆ ಅವಳ ಹೆಬ್ಬೆರಳಿನ ಗುರುತು ಹಾಗೇ ಇತ್ತು. ಸೂತಕ ಕಳೆದ ಮೇಲೆ ನೆರೆಮನೆಯ ಬಾಳವ್ವ ಹುಡುಗಿಯರನ್ನು ಕಟ್ಟಿಕೊಂಡು ಬಂದಳು. "ಕೊಡಪಾ ಚನ್ನಮಲ್ಲ, ಕಳಸೂಣು."

"ನಾಳೆ ಒಯ್ಯುವಂತ್ರಿ, ಅಕ್ಕಾ."

"ತವರಮನ್ಯಾಗ ಎಷ್ಟ ದಿನ ಇಟ್ಕೋತೀಯೋ ಮಗಳ್ನ? ಗಂಡನ ಮನಿಯವ್ರು ಬೈತಾರ!" ಎಂದು ನಗಿಸಲು ನೋಡಿದಳು. ಅವನು ನಗಲಿಲ್ಲ. ಕೊಡಲೂ ಇಲ್ಲ. ಸುಡೋಣವೆಂದರೆ ಒಳಗೆಲ್ಲ ಗಟ್ಟಿ ಮಣ್ಣು, ಬೆಂಕಿಗೆ ಸಿಡಿಯುತ್ತದೆ. ಕುಂಬಾರನಿಗೆ ಗೊತ್ತಿಲ್ಲವೇ? ಒಣಗಲು ಬಿಟ್ಟರೆ ಬಿರಿಯುತ್ತದೆ. ಹಸಿ ಗಡಿಗೆಗೆ ಮಾಡುವಂತೆ ಒದ್ದೆ ಅರಿವೆ ಹೊದಿಸಿದ. ದಿನವೂ ನೀರು ಚಿಮುಕಿಸಿದ. ಒಂದು ಮುಂಜಾನೆ ಅರಿವೆ ಎತ್ತಿ ನೋಡುತ್ತಾನೆ, ಓಲೆಯ ಕಾಳು ಮೊಳೆತಿದೆ. ಬೇರು ಕೆನ್ನೆಗೆ ಇಳಿದು ಹೆಬ್ಬೆರಳಿನ ಗುರುತನ್ನು ಸೀಳಿದೆ. ಕಿತ್ತರೆ ಕೆನ್ನೆಯೇ ಕಿತ್ತು ಬರುತ್ತದೆ. ಬಿಟ್ಟರೆ ಇನ್ನೂ ಸೀಳುತ್ತದೆ. ನೀರು ಹಾಕಿದ ಕೈ ಅವನದೇ.

ಎರಡೂ ಕೈಯಲ್ಲಿ ಹಿಡಿದು ಕೆರೆಗೆ ಹೊರಟ. ದಿನ್ನೆಯತನಕ ಬಂದ. ಹಾಸುಗಲ್ಲಿನ ಮೇಲೆ ಇಟ್ಟು ಕೂತ. ಮಳೆ ಹಿಡಿಯಿತು. ತನ್ನ ಕಂಬಳಿ ತೆಗೆದು ಅವಳಿಗೆ ಹೊದಿಸಿದ. ಮೇಲಿನ ನೀರು ತಡೆಯಿತು, ಕಲ್ಲಿನ ಮೇಲೆ ಹರಿದ ನೀರು ತಡೆಯಲಿಲ್ಲ. ಮಳೆ ನಿಂತ ಮೇಲೆ ಕಂಬಳಿ ಎತ್ತಿದರೆ ಕಲ್ಲು ಬರಿದಾಗಿತ್ತು. ಅವನು ಅಲ್ಲಿಯೇ ಕೂತಿದ್ದ. ಬಾಳವ್ವ ಬಂದು ಕೈ ಹಿಡಿದು ಮನೆಗೆ ಕರೆದೊಯ್ದಳು ಎನ್ನುತ್ತಾರೆ.

ಈಗಲೂ ಆಷಾಢದಲ್ಲಿ ಹೆಂಗಸರು ಹಸಿ ಮಣ್ಣಿನ ಗುಳ್ಳವ್ವನನ್ನು ತಂದು ಆ ಕಲ್ಲಿನ ಮೇಲಿಟ್ಟು ಕಂಬಳಿ ಹೊದಿಸುತ್ತಾರೆ. ಕಂಬಳಿ ತೆಗೆಯುವವನು ಮಾತ್ರ ಹೆಂಡತಿ ಸತ್ತ ಗಂಡಸಾಗಿರಬೇಕು. ಮೋಡ ಕವಿದಿರುತ್ತದೆ. ಅವನು ಕಂಬಳಿಯ ಅಂಚು ಹಿಡಿದು ನಿಂತೇ ಇರುತ್ತಾನೆ. ತೆಗೆ ಎಂದು ಯಾರೂ ಹೇಳುವುದಿಲ್ಲ.