ಮೊದಲೇ ಅರಿಶಿನ ಹಚ್ಚಿಸಿಕೊಂಡ ಹಾಳೆ

ಅಂಗಡಿಯಲ್ಲಿ ಒಂದು ಲಗ್ನಪತ್ರಿಕೆ ಅಚ್ಚಾಗುವುದರಲ್ಲಿತ್ತು. ಮೊದಲ ಪತ್ರಿಕೆ ಮನೆದೇವರ ಮುಂದೆ ಇಡುವಂಥದು. ಆ ಮರ್ಯಾದೆ ತನಗೇ ಸಿಗಬೇಕೆಂದು ಹೊಳಪಿನ ಹಾಳೆಯೊಂದು ಆಸೆಪಟ್ಟಿತ್ತು. ಮದುಮಗಳ ಅಜ್ಜಿ ಚೆಲುವಮ್ಮ ಶುಭವಾಗಲೆಂದು ಅದರ ನಾಲ್ಕು ಮೂಲೆಗೂ ಆಗಲೇ ಹಸಿ ಅರಿಶಿನ ಹಚ್ಚಿಬಿಟ್ಟಿದ್ದರು. ಅಲ್ಲಿಂದ ಹಾಳೆಯ ಬಿಂಕ ಹೇಳತೀರದು.

“ನನಗೆ ಕೂದಲೆಳೆಯಂಥ ಬಳುಕುವ ಅಕ್ಷರ ಹಾಕು,” ಎಂದು ಲೇಸರ್ ಪ್ರಿಂಟರಿಗೆ ಅಪ್ಪಣೆ ಮಾಡಿತು.

“ನನ್ನ ಹೊಟ್ಟೆಯಲ್ಲಿ ಕಾದ ರೋಲರ್ ಇದೆ. ನಿನ್ನ ಹೊಳಪು ಕರಗುತ್ತದೆ, ಅರಿಶಿನ ಮೆತ್ತುತ್ತದೆ. ಹಿಂದೆ ಸರಿ, ತಾಯಿ,” ಎಂದಿತು ಪ್ರಿಂಟರ್.

“ಅರಿಶಿನ ಬಿದ್ದ ಮೇಲೆ ನಾನು ಲಗ್ನಪತ್ರಿಕೆಯೇ.”

“ಮೈಮೇಲೆ ಒಂದಕ್ಷರ ಇಲ್ಲ. ಯಾರನ್ನು ಕರೆಯುತ್ತೀ?”

ಹಿಂದಿದ್ದ ಸಾದಾ ಹಾಳೆ ಕಿಸಕ್ಕನೆ ನಕ್ಕಿತು. ಹೊಳಪಿನ ಹಾಳೆ ರೇಗಿ ಒಳಗೆ ನುಗ್ಗಿ, ರೋಲರಿಗೆ ಅಂಟಿ ನಿಂತಿತು. ಅಂಗಡಿಯವನು ಹಿಂದಿನ ಮುಚ್ಚಳ ತೆಗೆದು ಎಳೆದಾಗ ಬೀಸಣಿಗೆಯ ಹಾಗೆ ಮಡಿಚಿಕೊಂಡು ಬಂತು.

ರೋಲರ್ ಒರೆಸಿದ ಮೇಲೆ ಸಾದಾ ಹಾಳೆಯ ಸರದಿ. “ನನಗೊಪ್ಪುವ ಅಕ್ಷರ ನೀನೇ ನೋಡಿ ಹಾಕಣ್ಣ,” ಎಂದಿತು. ಪ್ರಿಂಟರ್ ದಪ್ಪ, ದುಂಡನೆಯ ಅಕ್ಷರ ಹಾಕಿತು. ಚೆಲುವಮ್ಮ ಕನ್ನಡಕವಿಲ್ಲದೆ ಮೊಮ್ಮಗಳ ಹೆಸರು ಓದಿ, “ಇದೇ ದೇವರಿಗೆ,” ಎಂದರು.

ಉಳಿದ ಅರಿಶಿನ ಕಟ್ಟಿಕೊಳ್ಳಲು ಅವರಿಗೆ ಕಾಗದ ಬೇಕಾಯಿತು. ಮಡಿಚಿದ ಹೊಳಪಿನ ಹಾಳೆಯೇ ಪೊಟ್ಟಣವಾಯಿತು. ಹಾಗಾಗಿ ಮನೆದೇವರ ಮುಂದೆ ಎರಡೂ ಅಕ್ಕಪಕ್ಕ ಕೂತವು.

“ಈಗ ಹೊಟ್ಟೆ ತುಂಬ ಅರಿಶಿನ. ಸಮಾಧಾನವೇ ಅಕ್ಕ?” ಎಂದಿತು ಸಾದಾ ಹಾಳೆ.

“ಅದು ಸಾಕು ಬಿಡು. ನಿನ್ನ ಮೇಲೆ ಏನು ಬರೆದಿದೆ, ಓದು, ಕೇಳೋಣ,” ಎಂದಿತು ಪೊಟ್ಟಣ.