ಒಂದು ಸ್ವಿಚ್ಚಿಗೆ ಇಪ್ಪತ್ತೆರಡು ವರ್ಷ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಪಕ್ಕದ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮರುಳಸಿದ್ಧ. ಹೆಸರಿನಲ್ಲಿ ಮೊದಲರ್ಧ ಮಾತ್ರ ಅವನಿಗೆ ಹತ್ತಿದೆ ಅಂತ ಓಣಿಯವರು ನಗುತ್ತಿದ್ದರು. ಮೂವತ್ತು ದಾಟಿದ ಆಳು. ಸೋಮಾರಿಯಲ್ಲ, ಸುಳ್ಳು ಗೊತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ.

ಕರೆಂಟ್ ಕೆಲಸದ ಗುತ್ತಿಗೆದಾರ ಖಲೀಲ್ ಸಾಬ್ರ ಹತ್ತಿರ ಹೋಗಿ ಹಾಲಮ್ಮ, ನನ್ನ ಕಣ್ಣೆದುರಿಗೇ ಇವನಿಗೊಂದು ದಾರಿ ಆಗಲಿ ಅಂತ ಬೇಡಿಕೊಂಡಳು. ಸಾಬ್ರಿಗೂ ಆಗ ಒಂದು ಚಿಂತೆ. ವನಜಾಕ್ಷಮ್ಮ ಅನ್ನೋರು ಮೂರಂತಸ್ತಿನ ಅಂಗಡಿ ಕಾಂಪ್ಲೆಕ್ಸ್ ಕಟ್ಟಿಸುತ್ತಿದ್ದರು. ವೈರಿಂಗ್‌ಗೆ ಎಷ್ಟು ಜನ, ಎಷ್ಟು ದಿನ ಬೇಕು ಅಂತ ಶನಿವಾರದೊಳಗೆ ಬರೆದುಕೊಡಬೇಕಿತ್ತು. ಸಾಬ್ರ ಅಂದಾಜು ಹಿಂದೆ ಎರಡು ಸಲ ತಪ್ಪಿ ಹೆಸರು ಕೆಟ್ಟಿತ್ತು. ಇದೂ ಕೈತಪ್ಪಿದರೆ ಎಂಟು ಜನ ಕೆಲಸಗಾರರನ್ನ ಮನೆಗೆ ಕಳಿಸಬೇಕು.

ಅದಕ್ಕೇ ಮರುಳನ ಕೈಗೊಂದು ನೋಟ್‌ಬುಕ್ ಕೊಟ್ಟರು. ವೈರ್‌ಮನ್ ತಿಪ್ಪೇಶಿ ಒಂದು ಜವಳಿ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದಾನೆ, ಒಂದು ಸ್ವಿಚ್ ಕೂರಿಸೋಕೆ ಎಷ್ಟು ಹೊತ್ತಾಗುತ್ತೆ, ಗಡಿಯಾರ ನೋಡಿ ಬರ್ಕೊಂಡು ಬಾ ಅಂದರು.

ಮರುಳ ಹೋದ. ಗೋಡೆ ಗಡಿಯಾರದ ಮುಂದೆ ಕೂತ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಗಡಿಯಾರ ನೋಡಿದ. ಬರೆದುಕೊಂಡು ಬಂದ: ಗಡಿಯಾರ ಚೆನ್ನಾಗಿದೆ, ಎಲ್ಲೂ ನಿಲ್ಲಲಿಲ್ಲ.

ಹಾಲಮ್ಮ ಹಣೆ ಚಚ್ಚಿಕೊಂಡಳು. "ಗಡಿಯಾರ ಅಲ್ಲಪ್ಪ, ತಿಪ್ಪೇಶಿ ಕೈ ನೋಡಬೇಕು. ಕೈ ಏನು ಮಾಡುತ್ತೋ ಅದನ್ನ ಬರಿ."

ಮಾರನೇ ದಿನ ಮರುಳ ತಿಪ್ಪೇಶಿ ಕೈ ಬಿಡಲಿಲ್ಲ. ಸ್ವಿಚ್ ಡಬ್ಬಿ, ಒಂಬತ್ತು ನಿಮಿಷ. ಟೀ, ಹದಿನಾಲ್ಕು. ತಟ್ಟೆ ಇಡ್ಲಿ, ಆರು. ಬೆನ್ನು ಕೆರೆದದ್ದು, ಎರಡು. ಬಚ್ಚಲಿಗೂ ಹಿಂದೆ ಹೋದನಂತೆ, ತಿಪ್ಪೇಶಿ ಬಾಗಿಲು ಹಾಕಿಕೊಂಡ.

ಹಾಲಮ್ಮ ಮತ್ತೆ ಬೈದಳು. ಕೈ ಕೆಲಸ ಮಾಡ್ತಿದ್ದರೆ ಮಾತ್ರ ಹೊತ್ತು ಹಿಡಿ, ಕೈ ನಿಂತರೆ ಬಿಡು ಅಂದಳು.

ಮೂರನೇ ದಿನ ಪೈಪಿನೊಳಗೆ ವೈರು ಸಿಕ್ಕಿಹಾಕಿಕೊಂಡಿತು. ತಿಪ್ಪೇಶಿ ಏಣಿಯ ಮೇಲೆ ಎರಡು ಗಂಟೆ ಸೊಂಟಕ್ಕೆ ಕೈಕೊಟ್ಟು ಯೋಚಿಸಿದ. ಕೊನೆಗೊಂದು ಸಲ ಎಳೆದ, ಬಂತು. ಮರುಳ ಬರೆದ: ವೈರು ಎಳೆದದ್ದು, ಅರ್ಧ ನಿಮಿಷ. ಕೆಳಗೆ ಬರೆದ: ಕೈ ನಿಂತಿತ್ತು, ಎರಡು ಗಂಟೆ, ಲೆಕ್ಕಕ್ಕಿಲ್ಲ.

ಈ ಸಲ ಸಾಬ್ರೇ ಕೂರಿಸಿಕೊಂಡು ಹೇಳಿದರು. "ಕೆಲಸ ಅಂದ್ರೆ ಕೊನೇ ಎಳೆತ ಅಲ್ಲ ಮರುಳ. ತಿಪ್ಪೇಶಿನ ಕೇಳು, ಶುರು ಮಾಡಿದ್ದು ಯಾವಾಗ ಅಂತ. ಅಲ್ಲಿಂದ ಹಿಡಿ."

ಮರುಳ ಕೇಳಿದ. ತಿಪ್ಪೇಶಿ ಹದಿನಾರನೇ ವಯಸ್ಸಿಗೆ ಮಾವನ ಜೊತೆ ಶುರು ಮಾಡಿದೆ ಅಂದ, ಮೊದಲ ವರ್ಷ ಬರೀ ಗೋಡೆ ಕೊರೆದದ್ದನ್ನೂ ಹೇಳಿದ. ಯಾರೂ ಅವನನ್ನ ಇದನ್ನೆಲ್ಲ ಕೇಳಿರಲಿಲ್ಲ. ಊಟ ಮರೆತು ಹೇಳಿದ. ಮರುಳ ಬರೆದ: ಒಂದು ಸ್ವಿಚ್, ಇಪ್ಪತ್ತೆರಡು ವರ್ಷ, ಇಪ್ಪತ್ತು ನಿಮಿಷ.

ಅಷ್ಟರಲ್ಲಿ ಶುಕ್ರವಾರ ಆಗಿತ್ತು. ಬೇರೆ ದಾರಿ ಇಲ್ಲದೆ ಸಾಬ್ರು ಆ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತರು. ಓದುತ್ತ ಓದುತ್ತ ಪೆನ್ನು ಕೈಗೆತ್ತಿಕೊಂಡರು. ಟೀ, ಏಣಿ, ಸಿಕ್ಕಿಕೊಂಡ ವೈರು, ಇದ್ಯಾವುದನ್ನೂ ಅವರು ಹಿಂದೆ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಎಲ್ಲ ಸೇರಿಸಿ ಬರೆದರು: ಎಂಟು ಜನ, ನಲವತ್ತು ದಿನ.

ಶನಿವಾರ ಮರುಳನನ್ನೂ ಕರೆದುಕೊಂಡು ಹೋದರು. ನಲವತ್ತು ದಿನ ಹೇಗೆ ಅಂತ ವನಜಾಕ್ಷಮ್ಮ ಕೇಳಿದಾಗ, ನಾಚಿಕೊಂಡೇ ನೋಟ್‌ಬುಕ್ ಕೊಟ್ಟರು. ಆಕೆ ಒಂದೊಂದೇ ಹಾಳೆ ಓದಿದರು. ಇಪ್ಪತ್ತೆರಡು ವರ್ಷದ ಹತ್ತಿರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕದ್ದಕ್ಕೋ ಏನೋ.

"ಮಿಕ್ಕೋರೆಲ್ಲ ಇಪ್ಪತ್ತು ದಿನ ಅಂತ ಬರೆದಿದ್ದಾರೆ ಸಾಬ್ರೇ. ಅವರ ಆಳುಗಳು ಟೀ ಕುಡಿಯಲ್ಲ, ಅವರ ವೈರು ಸಿಕ್ಕಿಕೊಳ್ಳಲ್ಲ. ನಿಮ್ಮದು ನಂಬೋ ಹಾಗಿದೆ. ಸೋಮವಾರ ಶುರು ಮಾಡಿ."

ಸಾಬ್ರಿಗೆ ಹೋದ ಜೀವ ಬಂದ ಹಾಗಾಯಿತು. ಇನ್ನೂ ಬೇಗ ಆಗಲ್ವಾ ಅಂತ ಆಕೆ ಕೇಳಿದ್ದಕ್ಕೆ, ಜನ ಎರಡರಷ್ಟಾದರೆ ದಿನ ಅರ್ಧ ಆಗುತ್ತಮ್ಮ ಅಂದುಬಿಟ್ಟರು. ಪಕ್ಕದಲ್ಲಿ ಮರುಳ ನಿಂತಿದ್ದ. ಹದಿನಾರು ಜನ ಇಪ್ಪತ್ತು ದಿನ. ಮೂವತ್ತೆರಡು ಜನ ಹತ್ತು ದಿನ. ದಾರಿಯುದ್ದಕ್ಕೂ ಬೆರಳು ಎಣಿಸುತ್ತ ಬಂದ.

ಸೋಮವಾರ ಬೆಳಗ್ಗೆ ಸಾಬ್ರು ಬಂದು ನೋಡಿದರೆ, ಕಾಂಪ್ಲೆಕ್ಸ್ ಬಾಗಿಲಿಂದ ದೊಡ್ಡ ರಸ್ತೆಯ ತಿರುವಿನವರೆಗೂ ಜನರ ಸಾಲು. ಭಟ್ಟಿಯವರು, ಹೂವಿನವರು, ಪೆನ್ಷನ್ ತಗೊಳ್ಳೋ ಮುದುಕರು. ಕೆಲವರ ಕೈಯಲ್ಲಿ ಸ್ಕ್ರೂಡ್ರೈವರ್, ಇಲ್ಲದವರ ಕೈಯಲ್ಲಿ ಚಮಚ. ಎಲ್ಲರಿಗಿಂತ ಮುಂದೆ ಹಾಲಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಮಗ ಮೊದಲನೇ ಸಲ ತಾನಾಗಿ ಒಂದು ಕೆಲಸ ಹಚ್ಚಿಕೊಂಡಿದ್ದಾನೆ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಅಂದಳು.

ಮರುಳ ನೋಟ್‌ಬುಕ್ ಹಿಡಿದು ಓಡಿ ಬಂದ. "ಒಂದೇ ದಿನಕ್ಕೆ ಮುಗಿಸೋಕೆ ಮುನ್ನೂರಿಪ್ಪತ್ತು ಜನ ಬೇಕು ಸಾಬ್ರೇ. ಮುನ್ನೂರ ಹತ್ತೊಂಬತ್ತು ಸಿಕ್ಕಿದ್ದಾರೆ. ನೀವೊಬ್ರು ನಿಂತ್ಕೊಂಡ್ರೆ ಅಂದಾಜು ತಪ್ಪಲ್ಲ."

ಸಾಬ್ರು ಅವನ ಮುಖ ನೋಡಿದರು, ಸಾಲು ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು, ಸಾಲಿನ ಕೊನೆ ಹುಡುಕುತ್ತ ಹೊರಟರು.