ಜೋಡಿಯ ಇನ್ನೊಂದು ಎತ್ತು

“ಗುರುಗಳೇ, ಸಾವಂತ್ರೆವ್ವನ ಕಾಲಿನ ರಕ್ತನಾಳ ಇಷ್ಟು ಬೇಗ ಯಾಕೆ ಕೈಕೊಟ್ಟಿತು?”

ಕೇಳಿದವನು ಓಂಕಾರ, ಹೃದಯದ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಶಿಷ್ಯ. ಅವನ ದನಿಯಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚಿತ್ತು.

ಹೋದ ಯುಗಾದಿಯ ಹೊತ್ತಿಗೆ ಸಾವಂತ್ರೆವ್ವನ ಹೃದಯದ ನಾಳವೊಂದು ಕಟ್ಟಿಕೊಂಡಿತ್ತು. ಆಕೆಯ ಬಲಗಾಲಿನಿಂದ ಒಂದು ರಕ್ತನಾಳ ತೆಗೆದು, ಕಟ್ಟಿದ ಜಾಗವನ್ನು ಸುತ್ತಿಬಳಸಿ ರಕ್ತ ಹೋಗುವ ಹಾಗೆ ಹೃದಯಕ್ಕೆ ಹೊಲಿದಿದ್ದರು. ಊರೆಲ್ಲ ಬೈಪಾಸ್ ಎನ್ನುವುದು ಇದನ್ನೇ. ಗುರುಗಳು ಆಗ ಪರ ಊರಿನಲ್ಲಿದ್ದರು. ಹೊಲಿದವರು ಬೇರೆ ವೈದ್ಯರು, ಕಾಲಿನಿಂದ ನಾಳ ತೆಗೆದವನು ಓಂಕಾರ. ಸುತ್ತಲಿನ ಕೊಬ್ಬನ್ನೆಲ್ಲ ಬಿಡಿಸಿ, ನೋಡಿದವರು ಭೇಷ್ ಎನ್ನುವಷ್ಟು ಚೊಕ್ಕವಾಗಿ ತೆಗೆದಿದ್ದ. ಆಮೇಲೆ ಸಿರಿಂಜಿನಿಂದ ಸಲೈನ್ ನುಗ್ಗಿಸಿ, ನಾಳ ಉಬ್ಬಿ ಬಿಗಿಯಾಗುವ ತನಕ ಒತ್ತಿ, ಎಲ್ಲಿಯೂ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದ. ಕೊಬ್ಬಿನ ಸಮೇತ ತೆಗೆದು, ಹಾಗೆ ಉಬ್ಬಿಸದೆ ಹೊಲಿದರೆ ನಾಳ ಹೆಚ್ಚು ಬಾಳಿಕೆ ಬರುತ್ತದೆ ಎಂದು ಗುರುಗಳು ಪಾಠದಲ್ಲಿ ಹೇಳಿದ್ದುಂಟು. ಓಂಕಾರನಿಗೆ ಅದು ಗಲೀಜು ಕೆಲಸ, ಹೊತ್ತು ತಿನ್ನುವ ಕೆಲಸ ಎನಿಸಿತ್ತು.

ದೀಪಾವಳಿ ಬರುವಷ್ಟರಲ್ಲಿ ಹೊಲಿದ ನಾಳವೂ ಮುಚ್ಚಿಹೋಯಿತು. ನಾಳೆ ಬೆಳಿಗ್ಗೆ ಆಕೆಯ ಎದೆಯನ್ನು ಮತ್ತೆ ತೆರೆಯಬೇಕು. ನಾಳ ತೆಗೆಯಲು ಉಳಿದಿರುವುದು ಎಡಗಾಲು.

ಇವತ್ತು ಸಂಜೆ ಓಂಕಾರ ಆಕೆಯ ಹಾಸಿಗೆಯ ಬಳಿ ನಿಂತು, “ನಿಮ್ಮ ನರವೇ ಸರಿ ಇರಲಿಲ್ಲ ಅವ್ವ” ಎಂದಿದ್ದ. ಪಕ್ಕದಲ್ಲಿದ್ದ ಮಗ ತಾಯಿಯ ಮೇಲೆ ಹರಿಹಾಯ್ದ. ಅದು ತಿಂದೆ, ಇದು ತಿಂದೆ, ಹೇಳಿದ ಮಾತು ಕೇಳಲಿಲ್ಲ ಎಂದು ಒಂದೇ ಸಮನೆ ಬೈದ. ಸಾವಂತ್ರೆವ್ವ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. “ತಪ್ಪಾತ್ರಿ ಡಾಕ್ಟರ್ರ. ನೀವು ಅಷ್ಟು ಕಷ್ಟಾಪಟ್ಟು ಮಾಡಿದ್ರಿ, ನನ್ನ ನರಾನ ಕೆಟ್ಟಿತ್ತು” ಎಂದಳು. ಓಂಕಾರ, “ಇರಲಿ ಬಿಡಿ” ಎಂದು ಹೇಳಿ ಬಂದಿದ್ದ. ಗುರುಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದು ಅವನಿಗೆ ಗೊತ್ತಿರಲಿಲ್ಲ.

ಈಗ ಅವನ ಪ್ರಶ್ನೆ ಕೇಳಿ ಗುರುಗಳ ಮುಖ ಕೆಂಪೇರಿತು. ಕುರ್ಚಿ ಇದ್ದರೂ ಕೂರಲಿಲ್ಲ. ನಿಂತೇ ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನದು ಒಂಟೆತ್ತಿನ ಗಾಡಿ. ಘಟ್ಟದ ಮೇಲಿನ ಊರಿಗೆ ಉಪ್ಪು, ಕಾಳು ಏನೇ ಹೋಗಬೇಕಾದರೂ ಆ ಗಾಡಿಯಲ್ಲೇ ಹೋಗಬೇಕು. ಒಂದು ದಿನ ಏರಿನಲ್ಲಿ ಎತ್ತು ಬಿದ್ದು ಸತ್ತಿತು. ಮೇಲಿನ ಊರಿನಲ್ಲಿ ಒಲೆಗಳು ಆರತೊಡಗಿದವು.

ವ್ಯಾಪಾರಿ ಕೆಳಗಿನ ಬಯಲಿನ ಒಬ್ಬ ರೈತನ ಬಳಿಗೆ ಓಡಿಬಂದ. ರೈತನಲ್ಲಿ ಒಂದು ಜೋಡಿ ಎತ್ತುಗಳಿದ್ದವು. ಮೆತ್ತನೆಯ ಹೊಲದಲ್ಲಿ ನಿಧಾನವಾಗಿ ಉಳುತ್ತಿದ್ದ ಎತ್ತುಗಳು. ಏರು ಎಂದರೇನು, ಭಾರ ಎಂದರೇನು ಎಂದು ಅವಕ್ಕೆ ಗೊತ್ತಿರಲಿಲ್ಲ. ರೈತ ಮೇಲಿನ ಊರಿನವರ ಮುಖ ನೋಡಿ ಜೋಡಿಯಲ್ಲಿ ಒಂದನ್ನು ಬಿಟ್ಟುಕೊಟ್ಟ. ನೊಗ ಕೂರುವ ಜಾಗದಲ್ಲಿ ಎತ್ತಿಗೆ ಹಳೆಯ ಸೀರೆಯೊಳಗೆ ಹತ್ತಿ ತುಂಬಿ ಹೊಲಿದ ಮೆತ್ತೆಯೊಂದನ್ನು ಕಟ್ಟಿದ್ದ. ಬೆವರು ಕುಡಿದು, ಎಣ್ಣೆ ಮೆತ್ತಿ, ಅದು ಕರ್ರಗಾಗಿತ್ತು.

“ಮೆತ್ತಿ ಒಂದು ತಗೀಬ್ಯಾಡ್ರಿ ಸಾವ್ಕಾರ್ರ” ಎಂದ ರೈತ.

“ನಾ ಒಯ್ಯಾಕ ಬಂದಿದ್ದು ಎತ್ತು. ನಿನ್ನ ಚಿಂದಿ ಅಲ್ಲ” ಎಂದ ವ್ಯಾಪಾರಿ. ಮೆತ್ತೆಯನ್ನು ಕಿತ್ತು ಬೇಲಿಯಾಚೆ ಎಸೆದ. ಎತ್ತಿನ ಮೈ ತಿಕ್ಕಿ ತಿಕ್ಕಿ ತೊಳೆಸಿದ. ಎತ್ತು ಫಳಫಳ ಹೊಳೆಯಿತು. ಎಷ್ಟು ಚೆಂದ ಎಂದರು ಜನ.

ಹೊಸ ಎತ್ತು ಬಂದರೆ ಪರೀಕ್ಷೆ ಮಾಡದೆ ಬಿಡುವುದು ಗಾಡಿಯವರ ಪದ್ಧತಿಯಲ್ಲ. ಗಾಡಿಗೆ ಕಲ್ಲು ಹೇರಿದರು. ಗಾಲಿಗಳು ತಿರುಗದ ಹಾಗೆ ಅಡ್ಡ ಗೂಟ ಕೊಟ್ಟು ಹಗ್ಗ ಬಿಗಿದರು. ಎತ್ತನ್ನು ಹೂಡಿ ಚಾವಟಿ ಬೀಸಿದರು. ಎತ್ತು ಮಂಡಿಯೂರಿತು, ಎದ್ದಿತು, ಬರಿ ಹೆಗಲನ್ನು ನೊಗಕ್ಕೆ ಕೊಟ್ಟು ಎಳೆಯಿತು. ಗಾಡಿ ನೆಲ ಕೆರೆಯುತ್ತ ಮುಂದಕ್ಕೆ ಜರುಗಿತು. ಜನ ಶಿಳ್ಳೆ ಹೊಡೆದರು. ಎತ್ತು ಪರೀಕ್ಷೆಯಲ್ಲಿ ಗೆದ್ದಿತು ಎಂದು ವ್ಯಾಪಾರಿ ಮೀಸೆಯ ಮೇಲೆ ಕೈಯಾಡಿಸಿದ. ಹೆಗಲಿನ ಒಳಗೆ ಏನು ಹರಿಯಿತು ಎಂದು ಯಾರೂ ನೋಡಲಿಲ್ಲ. ಹೊರಗೆ ಒಂದು ಹನಿ ರಕ್ತವೂ ಕಾಣಲಿಲ್ಲವಲ್ಲ, ನೋಡುವುದು ಏನನ್ನು!

ಓಂಕಾರನ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಮುಷ್ಟಿಯೊಳಗೆ ಮಡಿಸಿಕೊಂಡಿತು. ಸಿರಿಂಜು ಒತ್ತಿದ್ದು ಆ ಬೆರಳಿನಿಂದ. ಗುರುಗಳು ಅದನ್ನು ಕಂಡರೂ ಕತೆ ನಿಲ್ಲಿಸಲಿಲ್ಲ.

ಎತ್ತು ಘಟ್ಟ ಹತ್ತತೊಡಗಿತು. ಮೇಲಿನ ಊರಿನಲ್ಲಿ ಒಲೆಗಳು ಉರಿದವು. ಆದರೆ ದಿನದಿನವೂ ಹೆಗಲು ಬಾತು, ಒಣಗಿ, ಮತ್ತೆ ಬಾತು ಜಡ್ಡುಗಟ್ಟಿತು. ಮೇಲೆ ಜಡ್ಡು ದಪ್ಪವಾದಷ್ಟೂ ಒಳಗೆ ಬಲ ಸೋರಿತು. ಕೊನೆಗೆ ಒಂದು ದಿನ ಏರಿನ ನಡುವೆ ಎತ್ತು ಕುಸಿಯಿತು, ಮತ್ತೆ ಏಳಲಿಲ್ಲ. ವ್ಯಾಪಾರಿ ಹೊಡೆದ. ಮೈಗಳ್ಳ ಎಂದ, ತಳಿಯೇ ಕೆಟ್ಟದ್ದು ಎಂದ. ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದ. ಬೇಲಿಯಾಚೆ ಬಿದ್ದ ಮೆತ್ತೆಯ ಮಾತು ಅವನ ಬಾಯಿಂದ ಬರಲಿಲ್ಲ. ಗಾಲಿಗೆ ಬಿಗಿದ ಹಗ್ಗದ ಮಾತೂ ಬರಲಿಲ್ಲ. ಯಾಕೆ ಬರುತ್ತದೆ? ಸತ್ತ ಎತ್ತು ಸಾಕ್ಷಿ ಹೇಳುವುದಿಲ್ಲ!

ಗುರುಗಳು ಮೇಜಿನ ಮೇಲೆ ಅಂಗೈಯಿಂದ ಬಡಿದರು. ಅವರು ಹೀಗೆ ದನಿ ಏರಿಸಿದ್ದನ್ನು ಓಂಕಾರ ಹಿಂದೆಂದೂ ಕೇಳಿರಲಿಲ್ಲ.

ಸುದ್ದಿ ರೈತನ ಕಿವಿಗೂ ಬಿತ್ತು. ಪಾಪದ ಮನುಷ್ಯ, ಅವನು ಏನು ಮಾಡಿದ ಗೊತ್ತೇ? ಬಿರುಬಿಸಿಲಲ್ಲಿ ಘಟ್ಟದ ಬುಡದವರೆಗೆ ನಡೆದುಬಂದ. ಸತ್ತ ಎತ್ತಿನ ಕೊಂಬು ಸವರಿದ. ವ್ಯಾಪಾರಿಯ ಮುಂದೆ ನಿಂತು ಕೈ ಮುಗಿದ. ನನ್ನ ಎತ್ತು ನಿಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟಿತು, ತಪ್ಪಾಯಿತು ಎಂದ. ಎಂಥ ಅನ್ಯಾಯ ನೋಡು. ಎತ್ತನ್ನು ಕಳೆದುಕೊಂಡವನೂ ಅವನೇ, ತಪ್ಪಾಯಿತು ಎನ್ನಬೇಕಾದವನೂ ಅವನೇ. ಆ ವ್ಯಾಪಾರಿಯ ನಾಲಿಗೆ ಸೀದುಹೋಗಬೇಕಿತ್ತು. ಹೋಗಲಿಲ್ಲ. ಅವನು ದೊಡ್ಡ ಮನಸ್ಸು ಮಾಡಿ, ಇರಲಿ ಬಿಡು ಎಂದ!

ಓಂಕಾರನ ಕಿವಿ ಬಿಸಿಯಾಯಿತು. ತಾನು ಸಂಜೆ ಆಡಿದ ಮಾತು ತನ್ನ ಎದುರಿಗೇ ಬಂದು ನಿಂತಿತ್ತು. ತಲೆ ತಗ್ಗಿಸಿದ. ಹೊರಗೆ ವಾರ್ಡಿನಲ್ಲಿ ಸಾವಂತ್ರೆವ್ವನ ಮಗ ಇನ್ನೂ ಗೊಣಗುತ್ತಿರುವುದು ಕೇಳಿಸುತ್ತಿತ್ತು. ಆ ಗೊಣಗಾಟವನ್ನು ಅವನ ಬಾಯಿಗೆ ಹಾಕಿಕೊಟ್ಟವನು ತಾನೇ ಎಂದು ಓಂಕಾರನಿಗೆ ಆಗ ಹೊಳೆಯಿತು.

ಗುರುಗಳು ದನಿ ಇಳಿಸಿದರು. ಮೇಲಿನ ಊರಿನಲ್ಲಿ ಒಲೆಗಳು ಮತ್ತೆ ಆರುತ್ತಿದ್ದವು. ರೈತನ ಕೊಟ್ಟಿಗೆಯಲ್ಲಿ ಜೋಡಿಯ ಇನ್ನೊಂದು ಎತ್ತು ಉಳಿದಿತ್ತು. ವ್ಯಾಪಾರಿ ನಾಚಿಕೆಯಿಲ್ಲದೆ ಅದನ್ನೂ ಕೇಳಿದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಓಂಕಾರ ತಡೆಯಲಾಗದೆ ಮೆಲ್ಲಗೆ ಕೇಳಿದ:

“ರೈತ ಅದನ್ನೂ ಕೊಟ್ಟನೇ ಗುರುಗಳೇ?”

“ಕೊಟ್ಟ, ನಾಳೆ ಬೆಳಿಗ್ಗೆ ಆ ತಾಯಿ ತನ್ನ ಎಡಗಾಲನ್ನು ಮತ್ತೆ ನಿನ್ನದೇ ಕೈಗೆ ಕೊಡುವ ಹಾಗೆ.”